ಕೊನೆಯ ಸೈಕಲ್ಲಿನ ಆನ್ಸೆಲ್ಮ

ಆನ್ಸೆಲ್ಮ ಪುವ್ರೊನಷ್ಟು ಅಂಜುಬುರುಕ ಮನುಷ್ಯ ಲ್ವಾರ್ ನದಿಯ ಎರಡು ದಡದಲ್ಲೂ ಸಿಗಲಾರ. ಇದನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಅವನು ಬಂದು ಕೂತಾಗಲೆಲ್ಲ ಅವನ ಮುಖಕ್ಕೇ ಹೇಳಿದ್ದೇನೆ. ಕತ್ತರಿ ಕಿವಿಯ ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುವ ಗಂಡಸು ಅವನು.

"ಒದೀಲ್, ನಿಧಾನ ಕಣೆ," ಅನ್ನುತ್ತಾನೆ.

"ಇಪ್ಪತ್ತು ವರ್ಷದಲ್ಲಿ ಒಬ್ಬರ ಕಿವಿನಾದ್ರೂ ಕುಯ್ದಿದೀನಾ?"

"ಇಲ್ಲ. ಅದೇ ಭಯ. ಆ ಕಿವಿ ಯಾರದ್ದೋ ಏನೋ, ಇನ್ನೂ ಬಾಕಿ ಇದೆ."

ವಯಸ್ಸಿನಲ್ಲಿ ನನಗಿಂತ ಹದಿನಾರು ವರ್ಷ ದೊಡ್ಡವನು. ಆದರೂ ಇಪ್ಪತ್ತು ವರ್ಷ ಜೊತೆಯಲ್ಲಿ ಸೈಕಲ್ ತುಳಿದವನನ್ನು ಬಹುವಚನದಲ್ಲಿ ಕರೆಯುವುದು ನನ್ನಿಂದಾಗದು. ಅವನು ಮೂವತ್ತೊಂದು ವರ್ಷ ಅಣಬೆ ಗವಿಗಳಲ್ಲಿ ದುಡಿದವನು. ನಮ್ಮ ವೆರಾಂ ಊರಿನ ಬೆನ್ನಿಗಿರುವ ಬಿಳಿಗಲ್ಲಿನ ಗುಡ್ಡವನ್ನು ಹಿಂದಿನವರು ಮನೆ ಕಟ್ಟಲು ಕೊರೆದು ಕೊರೆದು ಪೊಳ್ಳು ಮಾಡಿಟ್ಟಿದ್ದಾರೆ. ಆ ಕತ್ತಲೆಯಲ್ಲಿ ಗೊಬ್ಬರ ಹಾಸಿ ಅಣಬೆ ಬೆಳೆಯುತ್ತಾರೆ. ಅಲ್ಲಿಂದ ನಿವೃತ್ತನಾಗಿ ಹೊರಬಂದ ಮೇಲೂ ಅವನು ಮನೆಯೊಳಗೆ ತಲೆ ಬಗ್ಗಿಸಿಯೇ ಓಡಾಡುತ್ತಿದ್ದ. ಮದುವೆಯಾಗಲಿಲ್ಲ. ಯಾಕಪ್ಪಾ ಎಂದು ಕೇಳಿದರೆ, "ಒಬ್ಬರು ಹೊರಗೆ ಹೋದಾಗ ಇನ್ನೊಬ್ಬರು ಕಿಟಕಿ ಹತ್ರ ಕಾಯ್ತಾ ಕೂರ್ಬೇಕಲ್ಲ, ಅದು ನನ್ನಿಂದಾಗಲ್ಲ," ಎಂದಿದ್ದ.

ಇಂಥವನಿಗೆ ಸರಿಯಾಗಿ ಒಪ್ಪುವ ಕೆಲಸ ನಮ್ಮ ಸೈಕಲ್ ಸಂಘದಲ್ಲಿತ್ತು. ಸಂಘ ಅಂದರೆ ಭಾರಿ ಏನಲ್ಲ, ಹನ್ನೆರಡು ಜನ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಗರ್ಜಿಯ ಮುಂದೆ ಸೇರುತ್ತೇವೆ, ನದಿಯ ಏರಿಯ ಮೇಲೆ ಹೊರಡುತ್ತೇವೆ. ಹಸು ಮೇವಿಗೆ ಹೋಗುವಷ್ಟು ನಿಧಾನ. ಹನ್ನೊಂದರ ಹೊತ್ತಿಗೆ ಜರ್ಮೆನ್‌ಳ ಹೋಟೆಲಿನ ಅಂಗಳದಲ್ಲಿ ಒಂದೊಂದು ಲೋಟ ಬಿಳಿ ವೈನು, ತಟ್ಟೆ ತುಂಬ ಹುರಿದ ಸಣ್ಣ ಮೀನು. ಮಧ್ಯಾಹ್ನ ಯಾವುದಾದರೂ ಮರದಡಿ ಬುತ್ತಿ, ನಂತರ ಹುಲ್ಲಿನ ಮೇಲೆ ಒಂದು ನಿದ್ದೆ, ಸಂಜೆಗೆ ಮನೆ. ಮೈಗಂಟಿದ ಬಟ್ಟೆ ತೊಟ್ಟು ರೇಸಿನವರು ನಮ್ಮನ್ನು ದಾಟಿ ಹೋಗುವಾಗ ಗಂಟೆ ಬಾರಿಸುತ್ತಾರೆ. ನಮ್ಮ ರೆಮಿ, ಮಾಂಸದಂಗಡಿಯವನು, ಅವರಿಗೆಲ್ಲ ಕೈಯೆತ್ತಿ ಆಶೀರ್ವಾದ ಮಾಡುತ್ತಾನೆ: "ಓಡಿ ಮಕ್ಕಳಾ, ನದಿ ಮುಗಿದುಹೋಗುತ್ತೆ!"

ಸಾಲಿನ ಕೊನೆಯಲ್ಲಿ ಬರುವವನಿಗೆ ನಮ್ಮಲ್ಲಿ ಪೊರಕೆ ಎನ್ನುತ್ತಾರೆ. ಹಿಂದೆ ಉಳಿದವರನ್ನು ಗುಡಿಸಿಕೊಂಡು ಬರುವುದು ಅವನ ಕೆಲಸ. ಹತ್ತೊಂಬತ್ತು ವರ್ಷ ಆನ್ಸೆಲ್ಮನೇ ಪೊರಕೆಯಾಗಿದ್ದ. ಏರಿಯ ಮೇಲೊಂದು ದಾರಿಯಿದೆ, ಏರಿಯ ಕೆಳಗೆ ವಿಲ್ಲೋ ಮರಗಳ ನಡುವೆ ನೀರಿನ ಅಂಚಿನಲ್ಲೇ ಹೋಗುವ ತಗ್ಗಿನ ದಾರಿಯೊಂದಿದೆ. ಬಿಸಿಲೇರಿದಾಗ ಒಬ್ಬಿಬ್ಬರು ನೆರಳಿಗೆಂದು ತಗ್ಗಿಗೆ ಇಳಿಯುತ್ತಾರೆ. ಮೇಲಿನಿಂದ ನೋಡಿದರೆ ಎಲೆ ಬಿಟ್ಟು ಬೇರೇನೂ ಕಾಣದು. ಅದಕ್ಕೇ ಪೊರಕೆಯಾದವನು ತಗ್ಗಿನಲ್ಲೇ ಬರಬೇಕು ಎನ್ನುವುದು ಆನ್ಸೆಲ್ಮನ ಕಾನೂನು. ಕೆಸರಿದ್ದರೂ ಸೊಳ್ಳೆಯಿದ್ದರೂ ಅವನು ಅಲ್ಲೇ ಬರುತ್ತಿದ್ದ, ನದಿಯ ಕಡೆ ಹಾವನ್ನು ನೋಡುವ ಹಾಗೆ ಓರೆಗಣ್ಣಿನಲ್ಲಿ ನೋಡುತ್ತ. ತಂಗಿದ ಕಡೆಯಲ್ಲೆಲ್ಲ ಒಬ್ಬೊಬ್ಬರ ಭುಜ ಮುಟ್ಟಿ ಎಣಿಸುವುದು ಅವನ ಇನ್ನೊಂದು ಕಾನೂನು. ನಾವು ಕುರಿಗಳ ಹಾಗೆ ಬ್ಯಾ ಅನ್ನುತ್ತಿದ್ದೆವು. ಅವನು ನಗದೆ ಎಣಿಕೆ ಮುಗಿಸಿ, ಆಮೇಲೆ ಲೋಟ ಮುಟ್ಟುತ್ತಿದ್ದ.

ಅವನ ಬೆನ್ನಿಗೊಂದು ಚೀಲ. ಅದರಲ್ಲಿ ಹಗ್ಗ, ಸೀಟಿ, ಪಂಪು, ಬ್ಯಾಂಡೇಜು, ಸಕ್ಕರೆ ತುಂಡು. ಹತ್ತೊಂಬತ್ತು ವರ್ಷದಲ್ಲಿ ಆ ಹಗ್ಗ ಒಂದು ಸಲವೂ ಬಿಚ್ಚಿಲ್ಲ.

ಎರಡು ವರ್ಷದ ಹಿಂದೆ ಫೆಬ್ರುವರಿಯಲ್ಲಿ ನಮ್ಮ ಹನ್ನೆರಡರಲ್ಲಿ ಒಬ್ಬನಾಗಿದ್ದ ಕ್ಲೋವಿಸ್ ಮೊರಿಸೊ ಹೃದಯ ನಿಂತು ಸತ್ತ. ಸಂಘದವರು ಸತ್ತರೆ ಒಂದು ವರ್ಷ ಪೂರ್ತಿ ಅವರ ಲೋಟ ಮೇಜಿನ ಮೇಲಿರಬೇಕು ಎನ್ನುವುದು ನಮ್ಮ ಪದ್ಧತಿ. ಜರ್ಮೆನ್ ಅದನ್ನೂ ತುಂಬಿಸುತ್ತಾಳೆ. ಹೊರಡುವಾಗ ಆ ವೈನನ್ನು ಅಂಗಳದ ದ್ರಾಕ್ಷಿ ಬಳ್ಳಿಯ ಬುಡಕ್ಕೆ ಸುರಿಯುತ್ತೇವೆ. ಏಪ್ರಿಲಿನಲ್ಲಿ ಕ್ಲೋವಿಸನ ಹೆಂಡತಿ ಅರ್ಲೆತ್ ಗಂಡನ ಸೈಕಲ್ಲನ್ನೇ ತಳ್ಳಿಕೊಂಡು ಇಗರ್ಜಿಯ ಮುಂದೆ ಬಂದು ನಿಂತಳು. ಸೀಟು ಅವಳಿಗೆ ಎತ್ತರವಾಗಿತ್ತು. ರೆಮಿ ಮಾತಾಡದೆ ಸ್ಪ್ಯಾನರು ತಂದು ಅದನ್ನು ಇಳಿಸಿಕೊಟ್ಟ. ಹೀಗೆ ನಾವು ಮತ್ತೆ ಹನ್ನೆರಡಾದೆವು. ಅವಳು ಬೆಟ್ಟದಾಚೆಯ ದ್ರಾಕ್ಷಿ ತೋಟದ ಕಡೆಯವಳು, ಮಾತು ಕಡಿಮೆ, ನಡಿಗೆಯಲ್ಲೂ ಸವಾರಿಯಲ್ಲೂ ಸದಾ ಎಲ್ಲರಿಗಿಂತ ಹಿಂದೆ. ಆನ್ಸೆಲ್ಮ ಅವಳ ಹಿಂದೆ ಹತ್ತು ಮಾರು ಬಿಟ್ಟು ಬರುತ್ತಿದ್ದ. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ.

ಜೂನ್ ಮೊದಲ ವಾರ ಆನ್ಸೆಲ್ಮನಿಗೆ ಎಪ್ಪತ್ತು ತುಂಬಿತು. ಎಪ್ಪತ್ತು ತುಂಬಿದವರು ಆ ಭಾನುವಾರ ಸಾಲಿನ ಮುಂದಿರಬೇಕು, ಅವರನ್ನು ಯಾರೂ ದಾಟಬಾರದು. ಇದೂ ನಮ್ಮ ಪದ್ಧತಿಯೇ. ಆನ್ಸೆಲ್ಮ ಒಪ್ಪಲಿಲ್ಲ.

"ಹಿಂದೆ ಯಾರಿರ್ತಾರೆ?" ಎಂದ.

"ಒಂದಿನ ಯಾರೂ ಇಲ್ದಿದ್ರೆ ನದಿ ಎದ್ದುಬಂದು ನುಂಗಲ್ಲ," ಎಂದ ರೆಮಿ.

"ನಾನಿರ್ತೀನಪ್ಪಾ," ಎಂದೆ ನಾನು. "ನೀನು ಮುಂದೆ ನಡಿ ಮದುಮಗನ ಹಾಗೆ. ಪೊರಕೆ ಹಿಡಿಯೋದು ನನಗೇನು ಹೊಸದಾ? ದಿನಾ ಕೂದಲು ಗುಡಿಸ್ತೀನಿ."

ಎಲ್ಲರೂ ನಕ್ಕರು. ಆನ್ಸೆಲ್ಮ ಮಾತ್ರ ಚೀಲವನ್ನು ಬೆನ್ನಿನಿಂದ ಬಿಚ್ಚಿ ನನ್ನ ಕೈಗಿತ್ತು, "ತಗ್ಗಲ್ಲಿ ಬಾ. ಭುಜ ಮುಟ್ಟಿ ಎಣಿಸು," ಎಂದ. ನಾನು ತಲೆಯಾಡಿಸಿದೆ. ಅವನು ಆ ಕಡೆ ತಿರುಗಿದ ಮೇಲೆ ಚೀಲದ ಭಾರ ನೋಡಿ, ಇಗರ್ಜಿಯ ಪಕ್ಕದಲ್ಲೇ ಇದ್ದ ನನ್ನ ಅಂಗಡಿಯ ಬಾಗಿಲು ತೆಗೆದು ಒಳಗಿಟ್ಟುಬಂದೆ.

ದಿನ ಚೆನ್ನಾಗಿತ್ತು. ಆಕಾಶದಲ್ಲಿ ಮೋಡದ ಚೂರಿಲ್ಲ. ಮೂರು ದಿನದ ಹಿಂದೆ ದೂರದ ದಕ್ಷಿಣದ ಬೆಟ್ಟಗಳಲ್ಲಿ ಭಾರಿ ಮಳೆಯಾಗಿದೆ ಎಂದು ರೇಡಿಯೋದಲ್ಲಿ ಬಂದಿತ್ತು. ಅದು ನಮಗೆ ಯಾರಿಗೂ ನೆನಪಿರಲಿಲ್ಲ. ಲ್ವಾರ್ ಹಾಗೆಯೇ ಮಾಡುವುದು. ಇಲ್ಲಿ ಬಿಸಿಲು ಕಾಯುತ್ತಿರುವಾಗ ಮೇಲಿನ ನೀರು ಸದ್ದಿಲ್ಲದೆ ಬಂದು ಸೇರುತ್ತದೆ.

ಒಂಬತ್ತೂವರೆಯ ಹೊತ್ತಿಗೆ ಬಿಸಿಲು ಚುರುಗುಟ್ಟಿತು. ಅರ್ಲೆತ್ ನನ್ನ ಮುಂದಿದ್ದಳು. ಅವಳು ತಗ್ಗಿಗಿಳಿದದ್ದನ್ನು ನೋಡಿದೆ. ನಾನೂ ಇಳಿಯಬೇಕಿತ್ತು. ಅಷ್ಟರಲ್ಲಿ ರೆಮಿ ತನ್ನ ಮಗಳ ಮದುವೆಗೆ ಜಡೆ ಹಾಕುವ ವಿಚಾರ ಮಾತಾಡಲು ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದ. ಮುಡಿ ಎತ್ತಿ ಕಟ್ಟಬೇಕೋ ಇಳಿಬಿಡಬೇಕೋ ಎಂದು ಆರು ಕಿಲೋಮೀಟರು ವಾದ ಮಾಡಿದೆವು, ಏರಿಯ ಮೇಲೆ, ಬಿಸಿಲಿನಲ್ಲಿ. ನಾನು ಗೆದ್ದೆ. ಇಳಿಬಿಡುವುದೆಂದು ತೀರ್ಮಾನವಾಯಿತು.

ಜರ್ಮೆನ್‌ಳ ಅಂಗಳದಲ್ಲಿ ಆ ದಿನ ಗಲಾಟೆಯೋ ಗಲಾಟೆ. ಆನ್ಸೆಲ್ಮನಿಗೆ ಕೇಕು ತಂದಿದ್ದರು. ಕೆಲವರು ನಿಂತಿದ್ದರು, ಕೆಲವರು ಒಳಗೆ ಕೈ ತೊಳೆಯುತ್ತಿದ್ದರು, ಜರ್ಮೆನ್ ಕೂತವರ ನಿಂತವರ ಮುಂದೆಲ್ಲ ಲೋಟವಿಟ್ಟು ತುಂಬಿಸುತ್ತಿದ್ದಳು. ಆನ್ಸೆಲ್ಮ ಅಷ್ಟು ದೂರದಿಂದ ನನ್ನನ್ನೇ ನೋಡಿದ.

"ಎಣಿಸಿದ್ಯಾ?"

ಆ ಗದ್ದಲದಲ್ಲಿ ಓಡಾಡಿ ಯಾರ ಭುಜ ಮುಟ್ಟಲಿ? ಮೇಜಿನ ಮೇಲೆ ಕಣ್ಣಾಡಿಸಿದೆ. ಹನ್ನೆರಡು ಲೋಟ. ನಾವು ಹನ್ನೆರಡು ಜನ.

"ಹನ್ನೆರಡು!" ಎಂದು ಕೂಗಿದೆ.

ಅವನು ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಎಣಿಸದೆ ಲೋಟ ಎತ್ತಿದ. ಗಲಾಟೆಯ ನಡುವೆ ಕ್ಲೋವಿಸನ ಲೋಟವನ್ನು ಬಳ್ಳಿಯ ಬುಡಕ್ಕೆ ಸುರಿದವನು ಯಾರೋ ನನಗೆ ಗೊತ್ತಿಲ್ಲ. ಸತ್ತವನ ಲೋಟ ಅವನ ಹೆಂಡತಿಯ ಜಾಗವನ್ನು ತುಂಬಿತ್ತು, ಅಷ್ಟೇ. ಅದು ನನಗೆ ಹೊಳೆಯಲೇ ಇಲ್ಲ.

ಅಲ್ಲಿಂದ ಹೊರಟು ಎರಡು ಕಿಲೋಮೀಟರು ಹೋಗಿದ್ದೆವು. ಮುಂದಿದ್ದ ಆನ್ಸೆಲ್ಮ ಇದ್ದಕ್ಕಿದ್ದಂತೆ ಬ್ರೇಕು ಹಾಕಿ, ಸೈಕಲ್ಲನ್ನು ಅಡ್ಡ ನಿಲ್ಲಿಸಿದ. ಕೇಕು ತಿಂದ ಬಾಯಿ ಒರೆಸಿಕೊಳ್ಳದೆ ಒಬ್ಬೊಬ್ಬರ ಭುಜ ಮುಟ್ಟುತ್ತ ಬಂದ. ಎಂದಿನಂತೆ ಬ್ಯಾ ಎಂದ ರೆಮಿ. ಆನ್ಸೆಲ್ಮ ನನ್ನ ಭುಜ ಮುಟ್ಟಿದ, ನನ್ನ ಹಿಂದೆ ನೋಡಿದ. ಹಿಂದೆ ಬರೀ ರಸ್ತೆ.

"ಮದಾಂ ಮೊರಿಸೊ ಎಲ್ಲಿ?"

ಎಲ್ಲರೂ ತಿರುಗಿ ಹಿಂದಿನ ರಸ್ತೆ ನೋಡಿದರು.

"ಹೋಟೆಲಲ್ಲಿ ಇದ್ರಲ್ವಾ?" ಎಂದು ಯಾರೋ ಕೇಳಿದರು. ಇದ್ದಳೆಂದು ಹೇಳುವವರು ಒಬ್ಬರೂ ಇರಲಿಲ್ಲ.

"ಹನ್ನೆರಡು ಅಂದ್ಯಲ್ಲ ಒದೀಲ್. ಏನನ್ನ ಎಣಿಸ್ದೆ?"

"ಲೋಟ," ಎಂದೆ.

ಅವನು ಬೈಯಲಿಲ್ಲ. ಮುಖ ಮಾತ್ರ ಗವಿಯಿಂದ ಆಗ ತಾನೇ ಹೊರಬಂದವನ ಹಾಗೆ ಬಿಳಿಚಿಕೊಂಡಿತು. "ಕ್ಲೋವಿಸಂದು," ಎಂದ. ಆಗ ನನಗೂ ಹೊಳೆಯಿತು.

ಅರ್ಲೆತ್‌ಗೆ ಫೋನು ಮಾಡಿದೆವು. ಗಂಟೆ ಬಾರಿಸುತ್ತಿತ್ತು, ಎತ್ತಲಿಲ್ಲ. ಮನೆಗೆ ಹೋಗಿರಬಹುದು ಎಂದರು ಒಬ್ಬರು. ಸುಸ್ತಾಗಿ ಎಲ್ಲೋ ಕೂತಿರಬಹುದು ಎಂದರು ಇನ್ನೊಬ್ಬರು. ಆನ್ಸೆಲ್ಮ ಅದು ಯಾವುದನ್ನೂ ಕೇಳಿಸಿಕೊಳ್ಳದೆ ಆಗಲೇ ಹಿಂದಕ್ಕೆ ಹೊರಟಿದ್ದ. ನಾವು ಅವನ ಹಿಂದೆ ತುಳಿದೆವು. ಮೆಲ್ಲಗೆ ಹೋಗುವುದೇ ಧರ್ಮ ಎಂದುಕೊಂಡಿದ್ದ ನಮ್ಮ ಸಂಘ ಆ ದಿನ ಹೇಗೆ ಓಡಿತು ಎನ್ನುವುದನ್ನು ರೇಸಿನವರು ನೋಡಬೇಕಿತ್ತು.

ನಾನು ಏರಿಯ ಮೇಲಿನಿಂದ ನದಿಯನ್ನು ನೋಡಿದೆ. ಬೆಳಿಗ್ಗೆ ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಅಲ್ಲಲ್ಲಿ ನೊರೆಯ ಉಂಡೆಗಳು ತೇಲಿ ಬರುತ್ತಿದ್ದವು. ನಡುವಿನ ಮರಳು ದಿಬ್ಬಗಳು ಚಿಕ್ಕವಾಗಿದ್ದವು. ಆ ಮರಳಿನ ಮೇಲೆ ಮೊಟ್ಟೆಯಿಡುವ ಬಿಳಿ ರೀವ ಹಕ್ಕಿಗಳು ಗುಂಪುಗುಂಪಾಗಿ ಮೇಲೆದ್ದು ಸುತ್ತುತ್ತ ಕಿರುಚುತ್ತಿದ್ದವು. ಅವುಗಳ ಮೊಟ್ಟೆ ಮುಳುಗುತ್ತಿದೆ ಎಂದು ಗೊತ್ತಾಗಲು ಯಾರೂ ಹೇಳಬೇಕಿರಲಿಲ್ಲ. ಆ ಕೂಗು ಕೇಳುತ್ತ ಪೆಡಲು ತುಳಿದೆ. ಅವಳು ಬೇಕೆಂದೇ ನೀರಿಗಿಳಿದಿದ್ದರೆ ಎಂಬ ಯೋಚನೆ ಬಂದಿತು. ಗಂಡ ಹೋದ ಮೇಲೆ ಅವಳು ನನ್ನ ಅಂಗಡಿಗೆ ಒಮ್ಮೆಯೂ ಬಂದಿರಲಿಲ್ಲ. ಒಂದು ದಿನವಾದರೂ ಹೋಗಿ ಬಾಗಿಲು ತಟ್ಟಿದ್ದೆನಾ? ಇಲ್ಲ.

ತಗ್ಗಿನ ದಾರಿಗಿಳಿದ ಮೇಲೆ ಆನ್ಸೆಲ್ಮ ಪದೇ ಪದೇ ನಿಂತು, "ಫೋನ್ ಮಾಡು," ಎನ್ನುತ್ತಿದ್ದ. ಮಾಡುತ್ತಿದ್ದೆ. ಗಂಟೆ ಎಲ್ಲಿಂದಾದರೂ ಕೇಳುತ್ತದಾ ಎಂದು ಅವನು ಕಿವಿಗೊಡುತ್ತಿದ್ದ. ಐದನೆಯ ಸಲವೋ ಆರನೆಯ ಸಲವೋ, ವಿಲ್ಲೋ ಎಲೆಗಳ ಒಳಗಿನಿಂದ ಫೋನಿನ ಗಂಟೆ ಕೇಳಿಸಿತು.

ಕ್ಲೋವಿಸನ ಸೈಕಲ್ಲು ಮರಕ್ಕೆ ಒರಗಿತ್ತು. ಚೈನು ಕಳಚಿ ನೇತಾಡುತ್ತಿತ್ತು. ಫೋನು ಹ್ಯಾಂಡಲಿನ ಚೀಲದಲ್ಲಿ ಬಡಿದುಕೊಳ್ಳುತ್ತಿತ್ತು. ಮರದ ಬೇರಿನ ಮೇಲೆ ಎರಡು ಶೂ, ಅವುಗಳೊಳಗೆ ಮಡಚಿಟ್ಟ ಕಾಲುಚೀಲ. ಅವಳಿರಲಿಲ್ಲ. ಎದುರಿಗೆ ನೀರು.

ನಾನು ಕಿರುಚಿದೆ ಎಂದು ಆಮೇಲೆ ಹೇಳಿದರು. ನನಗೆ ನೆನಪಿಲ್ಲ. ನೆನಪಿರುವುದು ರೆಮಿಯ ಮಾತು: "ಅಗೋ, ಅಗೋ ಅಲ್ಲಿ!"

ದಡದಿಂದ ಹದಿನೈದು ಹೆಜ್ಜೆ ದೂರದಲ್ಲಿ ಒಂದು ಮರಳು ದಿಬ್ಬ ಉಳಿದಿತ್ತು, ಮಂಚದಷ್ಟು ಅಗಲ. ಅದರ ಮೇಲೆ ಅರ್ಲೆತ್ ನಿಂತಿದ್ದಳು. ನೀರು ಅವಳ ಮೀನಖಂಡದವರೆಗಿತ್ತು. ನಮ್ಮ ಕಡೆಗೇ ನೋಡುತ್ತಿದ್ದಳು, ಆದರೆ ಕೈಯಾಡಿಸಲಿಲ್ಲ, ಕೂಗಲಿಲ್ಲ. ಭಯಕ್ಕೆ ಅವಳ ದನಿಯೇ ಸತ್ತಿತ್ತು.

ಒಬ್ಬರು ಅಗ್ನಿಶಾಮಕದವರಿಗೆ ಫೋನು ಮಾಡಿದರು. ಪೇಟೆಯಿಂದ ದೋಣಿ ಬರಬೇಕು, ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಆ ದಿಬ್ಬ ಇರುವುದಿಲ್ಲ ಎನ್ನುವುದು ನದಿಯ ಪಕ್ಕ ಹುಟ್ಟಿದ ನಮಗೆಲ್ಲ ಕಾಣುತ್ತಿತ್ತು. ರೆಮಿ ಅಂಗಿ ಕಿತ್ತೆಸೆದು ನೀರಿಗೆ ನುಗ್ಗಿದ. ನಾಲ್ಕನೇ ಹೆಜ್ಜೆಗೆ ಕಾಲಡಿಯ ಮರಳು ಕುಸಿದು ಎದೆಯವರೆಗೆ ಇಳಿದುಹೋದ. ಅಂಥ ಆಳು, ಹಸುವಿನ ತೊಡೆಯನ್ನು ಒಂದೇ ಹೆಗಲಲ್ಲಿ ಹೊರುವವನು, ಮಗುವಿನಂತೆ ಕೈ ಬಡಿದ. ನಾಲ್ವರು ಸೇರಿ ಎಳೆದೆವು.

"ಹಗ್ಗ!" ಎಂದ ರೆಮಿ, ಕೆಮ್ಮುತ್ತ. "ಹಗ್ಗ ಕೊಡ್ರೋ!"

ಎಲ್ಲರೂ ನನ್ನ ಬೆನ್ನು ನೋಡಿದರು.

"ಅಂಗಡೀಲಿದೆ," ಎಂದೆ. "ಭಾರ ಅಂತ... ಬಿಟ್ಟುಬಂದೆ."

ಅಷ್ಟು ವರ್ಷದಲ್ಲಿ ಆನ್ಸೆಲ್ಮ ಯಾರ ಮೇಲೂ ಏರುದನಿಯಲ್ಲಿ ಮಾತಾಡಿದವನಲ್ಲ. ಆಗಲೂ ದನಿ ಏರಿಸಲಿಲ್ಲ. "ಎಲ್ಲರೂ ಟ್ಯೂಬ್ ತೆಗೀರಿ," ಎಂದ. ಪಂಕ್ಚರಾದರೆ ಇರಲಿ ಎಂದು ಒಬ್ಬೊಬ್ಬರೂ ಸೀಟಿನಡಿ ಒಂದೊಂದು ಹೊಸ ಟ್ಯೂಬು ಇಟ್ಟುಕೊಂಡಿರುತ್ತೇವೆ. ಹತ್ತು ಸಿಕ್ಕಿತು. ಕ್ಲೋವಿಸನ ಸೀಟಿನಡಿಯ ಡಬ್ಬಿಯಲ್ಲಿ ಹಳೆಯದೊಂದು ಇತ್ತು, ಪುಡಿ ಸವರಿ ನೀಟಾಗಿ ಸುತ್ತಿಟ್ಟದ್ದು. ಒಂದರ ಬಳೆಯೊಳಗೆ ಇನ್ನೊಂದನ್ನು ತೂರಿಸಿ ಬಿಗಿದು ಹನ್ನೊಂದನ್ನೂ ಸೇರಿಸಿದ. ಒಂದು ಗಂಟೂ ತಪ್ಪಲಿಲ್ಲ. ಕೊನೆಯ ಟ್ಯೂಬನ್ನು ತಲೆಯ ಮೇಲಿನಿಂದ ಇಳಿಸಿ ತನ್ನ ಕಂಕುಳಿಗೇ ಹಾಕಿಕೊಂಡ.

"ನಿಂಗೆ ಈಜಕ್ಕೆ ಬರಲ್ಲ!" ಎಂದ ರೆಮಿ. "ಕೊಡಿಲ್ಲಿ, ನಾನು ಹೋಗ್ತೀನಿ."

"ಇಲ್ಲೊಂದು ಹಳೇ ಕಲ್ಲಿನ ಒಡ್ಡಿದೆ, ನೀರಡಿ. ನದಿ ಬತ್ತಿದ ವರ್ಷ ನೋಡಿದೀನಿ. ಆ ಬೋಳು ಮರದ ನೇರಕ್ಕೆ ಹೋಗುತ್ತೆ."

"ಸರಿ, ತೋರ್ಸು. ಹೋಗ್ತೀನಿ."

"ತೋರ್ಸಕ್ಕಾಗಲ್ಲ, ಕಾಲಲ್ಲೇ ಹುಡುಕ್ಬೇಕು. ನೀನು ನೂರ ಹತ್ತು ಕಿಲೋ ಇದೀಯ. ನೀನು ಜಾರಿದ್ರೆ ಎಳೆಯೋರು ಯಾರು? ನಾನು ಜಾರಿದ್ರೆ ನೀನು ಎಳೀತೀಯ."

ರೆಮಿ ಇನ್ನೊಂದು ತುದಿಯನ್ನು ವಿಲ್ಲೋ ಮರದ ಬುಡಕ್ಕೆ ಸುತ್ತಿ ಹಿಡಿದ. ಅವನ ಮುಂದೆ ನಾನು ಹಿಡಿದೆ.

ಆನ್ಸೆಲ್ಮ ನೀರಿಗಿಳಿದ. ಮೊದಲ ಹೆಜ್ಜೆಗೇ ಅವನ ಗಂಟಲಿನಿಂದ ಒಂದು ಸದ್ದು ಬಂತು, ನಾಯಿಮರಿಯ ಕುಂಯ್ ಎನ್ನುವ ಸದ್ದು. ನಮಗೆಲ್ಲ ಕೇಳಿಸಿತು, ಯಾರೂ ನಗಲಿಲ್ಲ. ಬಲಗಾಲು ಮುಂದಿಟ್ಟು ತಡಕುವುದು, ಕಲ್ಲು ಸಿಕ್ಕಿತು ಎನ್ನುವವರೆಗೆ ನಿಲ್ಲುವುದು, ಆಮೇಲೆ ಎಡಗಾಲು. ತೊಡೆಯವರೆಗೆ ನೀರು ಬಂತು. ಸೊಂಟದವರೆಗೆ ಬಂತು. ಪ್ರವಾಹ ಅವನನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಟ್ಯೂಬು ಎಳೆದುಕೊಂಡು ಬೆರಳಿನಷ್ಟು ಸಣ್ಣಗಾಯಿತು. ಇದು ಹರಿದರೆ, ಎಂದು ನೆನೆದೆ, ಇವತ್ತು ನಾನು ಇಬ್ಬರನ್ನು ಕೊಂದವಳಾಗುತ್ತೇನೆ. ನಾನು ದೇವರನ್ನು ನಂಬಿದವಳಲ್ಲ. ಆದರೂ ಆ ಹೊತ್ತಿನಲ್ಲಿ ಬಾಯಿಗೆ ಬಂದ ಸಂತರ ಹೆಸರನ್ನೆಲ್ಲ ಹೇಳಿದೆ.

ನಡುವೆ ಒಮ್ಮೆ ಅವನು ಮಾಯವಾದ. ತಲೆಯೂ ಕಾಣಲಿಲ್ಲ. ರೆಮಿ ಹಿಂದಕ್ಕೆ ಬಿದ್ದು ಎಳೆದ. ನಾನೂ ಎಳೆದೆ. ಅವನು ಕೆಮ್ಮುತ್ತ ಮೇಲೆದ್ದು, ಕಲ್ಲು ಹುಡುಕಿ, ವಾಪಸು ಬರದೆ ಮುಂದಕ್ಕೇ ಹೋದ.

ದಿಬ್ಬ ಮುಟ್ಟಿದಾಗ ಅವಳ ಮೊಣಕಾಲಿನವರೆಗೆ ನೀರಿತ್ತು. ಅವನು ಕೈ ಚಾಚಿದ. ಅವಳು ಹಿಂದಕ್ಕೆ ಸರಿದಳು. ಹಿಂದೆ ಒಂದು ಹೆಜ್ಜೆಯಷ್ಟೂ ಜಾಗವಿರಲಿಲ್ಲ.

"ನನ್ನಿಂದಾಗಲ್ಲ, ಪುವ್ರೊ ಅವರೇ," ಎಂದಳು. ಆ ದನಿ ದಡಕ್ಕೆ ಕೇಳಿಸಿತು. "ನನಗೆ ಭಯ. ನೀವು ಹೋಗಿ."

"ಮದಾಂ, ನಂಗೂ ಭಯಾನೇ. ಚಡ್ಡೀಲೇ ಉಚ್ಚೆ ಹೊಯ್ಕೊಂಡಿದೀನಿ, ನೀರಿರೋದ್ರಿಂದ ಯಾರಿಗೂ ಗೊತ್ತಾಗಲ್ಲ."

ಅವಳು ಅವನು ಚಾಚಿದ ಕೈಯನ್ನೇ ನೋಡಿದಳು.

"ಬಾ ಅರ್ಲೆತ್," ಎಂದ ಆನ್ಸೆಲ್ಮ. ಆ ಎರಡು ತಿಂಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀರು ನೋಡ್ಬೇಡ. ನನ್ನ ಬೆನ್ನು ನೋಡು. ನಾನು ಕಾಲಿಟ್ಟ ಕಡೇನೇ ಕಾಲಿಡು. ನಿನ್ನ ಬಿಟ್ಟು ವಾಪಸ್ ಹೋಗೋ ಧೈರ್ಯ ನಂಗಿಲ್ಲ."

ಅವಳು ಬಂದಳು. ಅವನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಕಣ್ಣನ್ನು ಅವನ ಬೆನ್ನಿಗೆ ಅಂಟಿಸಿಕೊಂಡು. ಹದಿನೈದು ಹೆಜ್ಜೆಯನ್ನು ಅವರು ಎಷ್ಟು ಹೊತ್ತು ನಡೆದರೋ ಕಾಣೆ. ನಾವು ಟ್ಯೂಬನ್ನು ಗೇಣುಗೇಣಾಗಿ ಎಳೆದುಕೊಂಡೆವು. ದಡ ಇನ್ನು ಎರಡು ಮಾರಿದೆ ಎನ್ನುವಾಗ ಅವಳ ಕಾಲು ಜಾರಿತು, ಅವನೂ ಜೊತೆಗೆ ಹೋದ. ರೆಮಿ ನೀರಿಗೆ ಹಾರಿ ಇಬ್ಬರನ್ನೂ ಒಂದೊಂದು ಕೈಯಲ್ಲಿ ಹಿಡಿದು ಕೆಸರಿಗೆ ಎಸೆದ. ತಿರುಗಿ ನೋಡಿದೆ. ದಿಬ್ಬವಿದ್ದ ಜಾಗದಲ್ಲಿ ನೊರೆ ಸುತ್ತುತ್ತಿತ್ತು.

ದೋಣಿಯವರು ಬಂದು ಕಂಬಳಿ ಹೊದಿಸಿದ ಮೇಲೆ ಅರ್ಲೆತ್ ಮಾತಾಡಿದಳು. ಚೈನು ಕಳಚಿತ್ತಂತೆ. ಕೈಯೆಲ್ಲ ಗ್ರೀಸಾಗಿತ್ತಂತೆ. ತೊಳೆಯಲು ಇಳಿದಾಗ ಮರಳು ದಿಬ್ಬದವರೆಗೂ ನೀರು ಕಾಲಿನ ಹರಡು ಮುಳುಗುವಷ್ಟೇ ಇತ್ತಂತೆ. ಮದುವೆಯಾದ ಹೊಸತರಲ್ಲಿ ಕ್ಲೋವಿಸ್ ಅಲ್ಲಿಗೆ ಕರೆತರುತ್ತಿದ್ದನಂತೆ. ಹೋಗಿ ಕೂತಳು.

"ಪೊರಕೆ ಹಿಂದೆ ಬರುತ್ತಲ್ಲ, ಸೈಕಲ್ ನೋಡಿ ಕರೀತಾರೆ ಅನ್ಕೊಂಡೆ," ಎಂದಳು ನನ್ನ ಕಡೆ ತಿರುಗಿ. ದೂರುವ ದನಿಯಲ್ಲ. "ಫೆಬ್ರುವರಿಯಿಂದ ನಿದ್ದೇನೇ ಬಂದಿರ್ಲಿಲ್ಲ ಒದೀಲ್. ಅಲ್ಲಿ ಬಂದುಬಿಡ್ತು."

ನಾನು ಅವಳ ಕಾಲ ಬುಡದಲ್ಲಿ ಕೂತು ಅತ್ತೆ. ಯಾರಿಗಾದರೂ ಆಗಬಹುದಿತ್ತು ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರಿಗೂ ಆಗಿರಲಿಲ್ಲ, ಹತ್ತೊಂಬತ್ತು ವರ್ಷ.

ಮುಂದಿನ ಎರಡು ಭಾನುವಾರ ನಾನು ಹೋಗಲಿಲ್ಲ. ಎಂಟು ಗಂಟೆಗೆ ಅಂಗಡಿಯ ಪರದೆ ಎಳೆದು ಒಳಗೆ ಕೂತೆ. ಹೊರಗೆ ಅವರ ಮಾತು, ನಗು ಕೇಳಿಸುತ್ತಿತ್ತು. ಮೂರನೆಯ ವಾರ, ಮಂಗಳವಾರ, ಆನ್ಸೆಲ್ಮ ಕೂದಲು ಕತ್ತರಿಸಿಕೊಳ್ಳಲು ಬಂದ. ಕುರ್ಚಿಯಲ್ಲಿ ಕೂತ. ಕತ್ತರಿ ಕಿವಿಯ ಹತ್ತಿರ ಹೋದಾಗ ಎಂದಿನಂತೆ ಕಣ್ಣು ಮುಚ್ಚಿಕೊಂಡ. ಹಾಗೆ ಕಣ್ಣು ಮುಚ್ಚಿಯೇ ಹೇಳಿದ:

"ಭಾನುವಾರದಿಂದ ಹಿಂದೆ ನೀನಿರು."

ಕತ್ತರಿ ನಿಂತಿತು. "ತಲೆ ಕೆಟ್ಟಿದ್ಯಾ ನಿಂಗೆ?"

"ನನ್ನ ಕೈ ಹ್ಯಾಂಡಲ್ ಮೇಲೆ ನಿಲ್ತಿಲ್ಲ ಒದೀಲ್. ಆ ದಿನದಿಂದ ನಡುಗ್ತಿದೆ. ಬಿದ್ದವರನ್ನ ಎತ್ತೋದು ನನ್ನಿಂದಾಗಲ್ಲ ಇನ್ನು."

"ರೆಮಿಗೆ ಹೇಳು. ಯಾರಿಗಾದ್ರೂ ಹೇಳು. ಲೋಟ ಎಣಿಸಿದವಳು ನಾನು! ಹಗ್ಗ ಬಿಟ್ಟುಬಂದವಳು ನಾನು!"

ಅವನು ಕಣ್ಣು ತೆರೆದು ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಗವೀಲಿ ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ," ಎಂದ, "ಒಂದು ಶನಿವಾರ ಸಂಜೆ ಬಾಗಿಲು ಹಾಕೋ ಕೆಲಸ ನಂದಾಗಿತ್ತು. ಮನೆಗೆ ಬೇಗ ಹೋಗ್ಬೇಕಿತ್ತು. ಗೂಟದಲ್ಲಿ ಕೋಟು ಒಂದೂ ಉಳಿದಿಲ್ಲ ಅಂತ ನೋಡ್ದೆ. ಬೀಗ ಹಾಕ್ದೆ. ಒಬ್ಬ ಕೋಟು ಹಾಕ್ಕೊಂಡೇ ಒಳಗಿದ್ದ. ಸೋಮವಾರ ಬಾಗಿಲು ತೆಗೆದಾಗ ಬಾಗಿಲ ಹಿಂದೇನೇ ಕೂತಿದ್ದ. ಬೆರಳಲ್ಲಿ ಉಗುರು ಇರ್ಲಿಲ್ಲ."

"ಸತ್ತಿದ್ನಾ?"

"ಇಲ್ಲ, ಬದುಕಿದ್ದ. ಆಮೇಲೂ ಮೂವತ್ತು ವರ್ಷ ಇದ್ದ. ದೀಪ ಆರಿಸಕ್ಕೆ ಹೆಂಡತಿಗೆ ಬಿಡ್ತಿರ್ಲಿಲ್ವಂತೆ. ಆ ಸೋಮವಾರಾನೇ ಯಜಮಾನನ ಹತ್ರ ಹೋಗಿ, ಇನ್ಮೇಲೆ ದಿನಾ ಬಾಗಿಲು ನಾನೇ ಹಾಕ್ತೀನಿ ಅಂತ ಕೇಳ್ಕೊಂಡೆ. ಯಜಮಾನ ನನ್ನ ಹುಚ್ಚ ಅಂದ. ಆದ್ರೆ ಕೊಟ್ಟ." ಕತ್ತಿನ ಮೇಲೆ ಬಿದ್ದ ಕೂದಲು ಒರೆಸಿಕೊಂಡು ಹೇಳಿದ, "ರೆಮಿ ಒಳ್ಳೇವ್ನು. ಆದ್ರೆ ಅವ್ನು ನಗ್ತಾ ಬರ್ತಾನೆ."

ನಾನು ಕತ್ತರಿ ಕೆಳಗಿಟ್ಟೆ. "ನಂಗೆ ಭಯ ಆಗುತ್ತೆ ಆನ್ಸೆಲ್ಮ," ಎಂದೆ.

"ಆಗ್ಲಿ," ಎಂದ. "ಇನ್ನೇನು ಧೈರ್ಯ ಇಟ್ಕೊಂಡು ಮಾಡ್ತಿದ್ದೆ ಅನ್ಕೊಂಡ್ಯಾ ನಾನು?"

ಅದು ಆಗಿ ಎರಡು ವರ್ಷವಾಯಿತು. ಈಗ ಕೊನೆಯ ಸೈಕಲ್ಲು ನನ್ನದು. ತಗ್ಗಿನ ದಾರಿಯಲ್ಲೇ ಬರುತ್ತೇನೆ. ಭುಜ ಮುಟ್ಟಿ ಎಣಿಸುತ್ತೇನೆ, ಬ್ಯಾ ಎನ್ನುವವರಿಗೆ ಬೈಯುತ್ತೇನೆ. ಶನಿವಾರ ಸಂಜೆಯೇ ಚೀಲ ಬಿಚ್ಚಿ ಹಗ್ಗ ಇದೆಯಾ ಎಂದು ನೋಡಿಡುತ್ತೇನೆ. ಆನ್ಸೆಲ್ಮ ಮೂರು ಚಕ್ರದ ಸೈಕಲ್ಲು ಕೊಂಡಿದ್ದಾನೆ, ಎಲ್ಲರಿಗಿಂತ ನಿಧಾನ, ಈಗ ನನ್ನ ಮುಂದೆ ಬರುವುದು ಅವನೇ. ಪ್ರತಿ ತಿರುವಿನಲ್ಲೂ ವಿಲ್ಲೋ ಎಲೆಗಳು ಅವನನ್ನು ಮರೆಮಾಡುತ್ತವೆ. ಆ ತಿರುವು ದಾಟಿ ಅವನ ಬೆನ್ನು ಮತ್ತೆ ಕಣ್ಣಿಗೆ ಬೀಳುವವರೆಗೆ ನಾನು ಉಸಿರು ಬಿಡುವುದಿಲ್ಲ.